ಕೊಟ್ಟ ಹಾಡಿಗೆ ಬಾಯಿ ಹಾಕಬಾರದು

ನಾನು ನಾಗಪುರಕ್ಕೆ ಬಂದದ್ದು 1953ರ ಆಗಸ್ಟ್‌ನಲ್ಲಿ. ರೈಲ್ವೆ ಲೆಕ್ಕಪತ್ರ ಕಚೇರಿಯಲ್ಲಿ ಗುಮಾಸ್ತನ ಕೆಲಸ, ಧಂತೋಲಿಯಲ್ಲಿ ಒಂದು ಬಾಡಿಗೆ ಕೋಣೆ, ಊರಿನಿಂದ ತಂದ ಒಂದು ಪಿಟೀಲು. ಸಂಜೆ ಬಾಗಿಲು ಹಾಕಿಕೊಂಡು ಸಾಧನೆ ಮಾಡುತ್ತಿದ್ದೆ. ಬಂದ ಮೂರನೆಯ ವಾರ ಯಾರೋ ಬಾಗಿಲು ಬಡಿದರು. ತೆರೆದರೆ ಕರಿ ಟೋಪಿ, ಧೋತರ, ಕಂಕುಳಲ್ಲಿ ಕೊಡೆ. ಐವತ್ತರ ಸುಮಾರಿನ ಒಬ್ಬರು ನಿಂತಿದ್ದರು.

“ಕನ್ನಡದವನಲ್ಲ ನೀ?” ಎಂದರು.

ಹೇಗೆ ಗೊತ್ತಾಯಿತು ಎಂದು ಕೇಳಿದೆ.

“ಹಿಂಗ ಒಂದೊಂದು ಸ್ವರಾ ಹಿಡದು ಜೋಲಿ ತೂಗಿದಂಗ ತೂಗಾವ್ರು ಮೈಸೂರು ಕಡ್ಯಾವ್ರ ಇರಬೇಕು. ಇತ್ತಾಗಿನವ್ರಿಗೆ ಅಷ್ಟು ಪುರಸೊತ್ತು ಇರೂದಿಲ್ಲ. ರವಿವಾರ ಮುಂಜಾನೆ ತಯಾರಿರು. ಅಜನಿಗೆ ಹೋಗೂಣು.”

ಅವರೇ ಪೇಟಿ ಮಾಸ್ತರರು. ಧಾರವಾಡದವರು, ಹರೆಯದಲ್ಲಿ ಒಂದು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದು, ಕಂಪನಿ ಮುಚ್ಚಿದ ಮೇಲೆ ಇಲ್ಲಿಯ ಒಂದು ಶಾಲೆಯಲ್ಲಿ ಮಾಸ್ತರಿಕೆಗೆ ಸೇರಿದ್ದರು. ಅವರ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ಆ ಭಾನುವಾರದಿಂದ ನನ್ನ ಹೆಸರು ‘ಮೈಸೂರು’ ಎಂದಾಯಿತು. ನಾನು ತುಮಕೂರಿನವನೆಂದು ಎಷ್ಟು ಹೇಳಿದರೂ ಅವರಿಗೆ ಅದು ಹಿಡಿಸಲಿಲ್ಲ.

ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಎರಡು ಕೋಣೆ, ಒಂದು ಪಡಸಾಲೆ, ಮುಂದೆ ಒಂದು ಬೇವಿನ ಮರ. ಗೂಡ್ಸ್ ಗಾಡಿಯ ಗಾರ್ಡ್ ಒಬ್ಬರ ಮನೆ ಅದು. ಅವರು ಬಾಗಲಕೋಟೆಯ ಕಡೆಯ ಒಂದು ಹಳ್ಳಿಯವರು. ನಾವೆಲ್ಲ ಕಾಕಾ ಎನ್ನುತ್ತಿದ್ದೆವು, ಅವರ ಹೆಂಡತಿಗೆ ಕಾಕೂ. ಮಕ್ಕಳಿರಲಿಲ್ಲ. ಕಾಕಾ ಹಾಡುವವರು. ಯಾವ ವಾದ್ಯವನ್ನೂ ಕಲಿತವರಲ್ಲ, ತಂಬೂರಿ ಮೀಟುವುದಷ್ಟೇ ಗೊತ್ತು. ಗಾಡಿಯ ಕೊನೆಯ ಡಬ್ಬಿಯಲ್ಲಿ ಒಬ್ಬರೇ ಕುಳಿತು, ಗಾಲಿಗಳ ಸದ್ದಿನ ಮೇಲೆ ಹಾಡಿ ಹಾಡಿ ಅವರ ದನಿ ಪಡಸಾಲೆಗೆ ದೊಡ್ಡದಾಗಿತ್ತು. ನಾಲ್ಕನೆಯವನು ತಾರ್ ಆಫೀಸಿನಲ್ಲಿ ಸಂದೇಶ ಬಡಿಯುವ ಹುಬ್ಬಳ್ಳಿಯವನು, ನನಗಿಂತ ಐದಾರು ವರ್ಷ ದೊಡ್ಡವನು. ಅವನು ತಬಲಾ ನುಡಿಸುತ್ತಿದ್ದ. ಅವನನ್ನು ಅಣ್ಣ ಎನ್ನುತ್ತಿದ್ದೆ.

ಕಾಕಾನ ಡ್ಯೂಟಿ ಇಲ್ಲದ ಭಾನುವಾರಗಳಲ್ಲಿ ನಾವು ನಾಲ್ವರೂ ಅಲ್ಲಿ ಸೇರುತ್ತಿದ್ದೆವು. ಅಲ್ಲಿ ಒಂದು ಪದ್ಧತಿ ಇತ್ತು. ತಿಂಗಳಿಗೊಮ್ಮೆ ಒಬ್ಬರು ತಮಗೆ ಅತ್ಯಂತ ಮೆಚ್ಚಿನ ಒಂದು ಹಾಡನ್ನು ಉಳಿದವರಿಗೆ ‘ಕೊಡಬೇಕು’. ಉಳಿದವರು ಅದನ್ನು ಕಲಿಯಬೇಕು. ಎಲ್ಲರಿಗೂ ಬಾಯಿಪಾಠ ಬಂದು, ಒಬ್ಬೊಬ್ಬರಾಗಿ ಹಾಡಿ ಮುಗಿಸುವವರೆಗೆ ಕೊಟ್ಟವರು ಅದನ್ನು ಹಾಡುವಂತಿಲ್ಲ. ಇನ್ನೊಂದು ಮಾತು ಇದಕ್ಕಿಂತ ಬಿಗಿಯಾದದ್ದು: ಉಳಿದವರು ಹೇಗೇ ಹಾಡಲಿ, ಕೊಟ್ಟವರು ತಿದ್ದುವಂತಿಲ್ಲ. ಕೊಟ್ಟ ಹಾಡಿಗೆ ಬಾಯಿ ಹಾಕಬಾರದು.

ಈ ನಿಯಮ ಮಾಸ್ತರರದು. ಮೊದಲ ಅರ್ಧಕ್ಕೆ ಕಾರಣ ಅವರ ನಾಟಕ ಕಂಪನಿಯ ಒಬ್ಬ ಹಾಡುಗಾರ. ತನ್ನ ಒಳ್ಳೊಳ್ಳೆಯ ಪದಗಳನ್ನು ಯಾರಿಗೂ ಹೇಳಿಕೊಡದೆ ಮುಚ್ಚಿಟ್ಟುಕೊಂಡು ಒಂದು ಮಳೆಗಾಲ ಪ್ಲೇಗಿನಲ್ಲಿ ಸತ್ತನಂತೆ. ಎರಡನೆಯ ಅರ್ಧಕ್ಕೆ ಕಾರಣ ಜಗಳ. ನಿಯಮ ಬರುವ ಮೊದಲು ಪ್ರತಿ ಭಾನುವಾರವೂ ‘ಹಾಗಲ್ಲ, ಹೀಗೆ’ ಎನ್ನುವುದರಲ್ಲೇ ಮುಗಿಯುತ್ತಿತ್ತಂತೆ. ಒಮ್ಮೆ ಒಂದು ನಿಷಾದ ಸ್ವರದ ಸಲುವಾಗಿ ಅಣ್ಣ ಎರಡು ತಿಂಗಳು ಮಾತು ಬಿಟ್ಟಿದ್ದನಂತೆ.

“ಮಗಳನ್ನ ಕೊಟ್ಟ ಮ್ಯಾಲ ದಿನಾ ಬೀಗರ ಮನಿಗೆ ಹೋಗಿ ಸಾರು ಹೆಂಗ ಮಾಡ್ಯಾಳ ಅಂತ ರುಚಿ ನೋಡಾಕ ಬರತದೇನು?” ಎಂದು ಮಾಸ್ತರರು ನನಗೆ ವಿವರಿಸಿದರು.

“ಮಗಳು ನೆಟ್ಟಗ ಉಣ್ಣಾಕತ್ತಾಳೋ ಇಲ್ಲೋ ಅಂತರೆ ನೋಡಬೇಕಲ್ರಿ,” ಎಂದರು ಕಾಕೂ ಒಳಗಿನಿಂದ.

“ಅದಕ್ಕs ನೋಡ್ರಿ, ಹೆಣ್ಮಕ್ಕಳನ್ನ ನಿಯಮಾ ಮಾಡಾಕ ಕರಿಯೂದಿಲ್ಲ.”

ನನಗೆ ಶಾಲೆಯ ದಿನಗಳಿಂದ ದಿನಚರಿ ಬರೆಯುವ ಅಭ್ಯಾಸ. ಈ ಬೈಠಕಿಗೂ ಹಿಂದಿನ ಪುಟಗಳಲ್ಲಿ ಗೆರೆ ಹಾಕಿ ಅಂಕಣ ಮಾಡಿದೆ: ದಿನ, ಕೊಟ್ಟವರು, ರಾಗ, ತಾಳ, ಎಷ್ಟು ಸಲ ಹಾಡಿದ್ದು. ಪ್ರತಿ ಸಲ ಹಾಡಿದಾಗ ಒಂದು ಗೀಟು. ಕಾಕಾ ಒಮ್ಮೆ ಅದನ್ನು ತಿರುವಿ ನೋಡಿ ನಕ್ಕರು.

“ತಮ್ಮಾ, ನಾನೂ ಹಿಂಗs ಬರೀತೀನಿ. ಇಷ್ಟು ವ್ಯಾಗನ್, ಇಷ್ಟು ಹೊತ್ತಿಗೆ ಬಿಟ್ತು, ಇಷ್ಟು ಹೊತ್ತಿಗೆ ಮುಟ್ತು. ಒಳಗ ಏನ್ ಮಾಲ ಇತ್ತು ಅಂತ ಕೇಳಿದ್ರ ನನಗೂ ಗೊತ್ತಿರೂದಿಲ್ಲ.”

ಆಗ ನಾನೂ ನಕ್ಕೆ.

ಮೊದಲ ಕೆಲವು ತಿಂಗಳಲ್ಲಿ ನನ್ನ ಸೋದರತ್ತೆ ಹಾಡುತ್ತಿದ್ದ ಒಂದು ಕೀರ್ತನೆಯನ್ನು ನಾನು ಕೊಟ್ಟೆ. ಮಾಸ್ತರರು ಅದನ್ನು ಪೇಟಿಯ ಮೇಲೆ ಹಾಡಿದಾಗ ನನಗೆ ಗುರುತೇ ಸಿಗಲಿಲ್ಲ. ಬಾಯಿ ಮುಚ್ಚಿಕೊಂಡು ಕುಳಿತೆ. ಆದರೆ ಮೂರನೆಯ ವಾರದ ಹೊತ್ತಿಗೆ ಅವರ ರೀತಿಯೂ ನನಗೆ ಇಷ್ಟವಾಗತೊಡಗಿತು. ಅತ್ತೆಯ ಹಾಡಿನೊಳಗೆ ನಾನು ಕಾಣದ ಒಂದು ಬಾಗಿಲು ಇತ್ತು, ಅದನ್ನು ಬೇರೆಯವರು ತೆರೆದರು ಅನಿಸಿತು. ಅಣ್ಣ ತನ್ನ ಮನೆಯೊಡತಿ ಹಾಡುವ ಒಂದು ಮರಾಠಿ ಅಭಂಗ ಕೊಟ್ಟ. ಮಾಸ್ತರರು ಒಂದು ರಂಗಗೀತೆ ಕೊಟ್ಟರು. ನಿಯಮ ಒಳ್ಳೆಯದೇ ಎಂದು ನಾನು ನಂಬಿದೆ.

ಕಾಕಾ ಮಾತ್ರ ತಮ್ಮ ಸರದಿಯನ್ನು ಮುಂದೆ ಮುಂದೆ ಹಾಕುತ್ತಿದ್ದರು. 1954ರ ಫೆಬ್ರವರಿಯಲ್ಲಿ ಮಾಸ್ತರರು ಬಿಡಲಿಲ್ಲ. ಕಾಕಾ ತಂಬೂರಿಯನ್ನು ಗೋಡೆಗೆ ಒರಗಿಸಿ, “ಇದಕ್ಕ ತಂಬೂರಿ ಇರಲಿಲ್ಲ,” ಎಂದು ಹೇಳಿ ಹಾಡಿದರು. ಅವರ ತಾಯಿ ನಸುಕಿನಲ್ಲಿ ಮೊಸರು ಕಡೆಯುವಾಗ ಹಾಡುತ್ತಿದ್ದ ಹಾಡು ಅದು. ಎಂಟು ಸಾಲು. ಮಲಗಿದ ಮಗುವಿಗೆ ಬೆಣ್ಣೆ ಬರುವ ಹೊತ್ತಾಯಿತು ಏಳು ಎನ್ನುವ ಮಾತು. ಹಾಡು ನೇರ ನಡೆಯುತ್ತಿರಲಿಲ್ಲ; ಒಂದು ಕಾಲು ಗಿಡ್ಡವಾದವರ ಹಾಗೆ ಒಂದು ಕಡೆ ವಾಲಿ ಮತ್ತೆ ಏಳುತ್ತಿತ್ತು. ಪ್ರತಿ ಸಾಲಿನ ಕೊನೆಯಲ್ಲಿ ಒಂದು ಸ್ವರ ಜಾರಿ ಎಲ್ಲಿಯೋ ಮಧ್ಯದಲ್ಲಿ ನಿಂತುಬಿಡುತ್ತಿತ್ತು. ಮುಗಿದಾಗ ಎಂಜಿನ್ ಶೆಡ್ಡಿನ ಸದ್ದು ಕೇಳುತ್ತಿತ್ತು.

“ಕಾಫಿ ರಾಗ,” ಎಂದರು ಮಾಸ್ತರರು.

“ಖರಹರಪ್ರಿಯ ಅನ್ನಬಹುದು,” ಎಂದೆ ನಾನು.

“ನಮ್ಮವ್ವ ಆ ಎರಡೂ ಊರು ಕಂಡಾಕಿ ಅಲ್ಲ,” ಎಂದರು ಕಾಕಾ.

ನಾನು ಹಿರಿಯರ ಮಾತಿನಂತೆ ‘ಕಾಫಿ’ ಎಂದು ಬರೆದುಕೊಂಡೆ. ಜಾರುವ ಆ ಸ್ವರ ಪೇಟಿಯಲ್ಲಿ ಸಿಗಲಿಲ್ಲ. ಅದು ಎರಡು ಮನೆಗಳ, ಅಂದರೆ ಬೆರಳಲ್ಲಿ ಒತ್ತುವ ಎರಡು ಪಟ್ಟಿಗಳ, ನಡುವೆ ಬೀಳುತ್ತಿತ್ತು. ಮಾಸ್ತರರು ಹತ್ತಿರದ ಮನೆಯನ್ನು ಒತ್ತಿ ಮುಂದೆ ಹೋದರು. ಅಣ್ಣನಿಗೆ ತಾಳ ಹಿಡಿಯಲಿಲ್ಲ. ಎರಡು ಸಲ ತಪ್ಪಿ, ಕೊನೆಗೆ ಎಂಟು ಮಾತ್ರೆಯ ಸರಳ ಠೇಕಾದಲ್ಲಿ ಕೂರಿಸಿದ. ಈಗ ಹಾಡು ಕುಂಟಲಿಲ್ಲ, ಚೆನ್ನಾಗಿ ನಡೆಯಿತು. ನಾವು ತಲೆದೂಗಿದೆವು. ಕಾಕಾ ಏನೋ ಹೇಳಲು ಬಾಯಿ ತೆರೆದರು. ಮಾಸ್ತರರು ಬೆರಳೆತ್ತಿ, “ನಿಯಮಾ,” ಎಂದರು.

“ಆತು ಬಿಡ್ರಿ. ಕೊಟ್ಟ ಮ್ಯಾಲ ಕೊಟ್ಟಂಗ,” ಎಂದರು ಕಾಕಾ.

ನಮ್ಮಲ್ಲಿದ್ದ ಹಾಡುಗಳಲ್ಲಿ ಅದರಷ್ಟು ಜನ ಮೆಚ್ಚಿದ್ದು ಇನ್ನೊಂದಿಲ್ಲ. ಕನ್ನಡದವರ ಗಣಪತಿ ಹಬ್ಬದಲ್ಲಿ ಹಾಡಿದೆವು, ತೊಟ್ಟಿಲ ಶಾಸ್ತ್ರಗಳಲ್ಲಿ ಹಾಡಿದೆವು. ಮಾಸ್ತರರು ನಡುನಡುವೆ ತಾನುಗಳನ್ನು ಸೇರಿಸಿದರು. ನಾನು ಸಾಲು ಸಾಲಿನ ನಡುವೆ ಪಿಟೀಲಿನ ತುಣುಕುಗಳನ್ನು ಇಟ್ಟೆ. ಎರಡು ವರ್ಷದಲ್ಲಿ ನನ್ನ ಪುಸ್ತಕದಲ್ಲಿ ಅದರ ಮುಂದೆ ಬಿದ್ದಷ್ಟು ಗೀಟು ಬೇರೆ ಯಾವುದರ ಮುಂದೆಯೂ ಬೀಳಲಿಲ್ಲ. ಎಲ್ಲರ ಸರದಿ ಎಂದೋ ಮುಗಿದಿತ್ತು. ಕಾಕಾ ಈಗ ಅದನ್ನು ಹಾಡಬಹುದಿತ್ತು. “ನೀವು ಚಲೋ ಹಾಡ್ತೀರಿ, ಹಾಡ್ರಿ,” ಎಂದು ತಂಬೂರಿ ಮೀಟುತ್ತಾ ಕುಳಿತಿರುತ್ತಿದ್ದರು.

1955ರ ದೀಪಾವಳಿಯ ಹೊತ್ತಿಗೆ ಅವರ ದನಿ ಒಡೆಯಿತು. ಕಲ್ಲಿದ್ದಲ ಹೊಗೆ ಎಂದುಕೊಂಡೆವು. ಕಾಕೂ ಜ್ಯೇಷ್ಠಮಧು ತೇಯ್ದು ಕೊಟ್ಟರು, ಅರಿಶಿನದ ಹಾಲು ಕೊಟ್ಟರು. ಸಂಕ್ರಾಂತಿ ಕಳೆದ ಮೇಲೆ ರೈಲ್ವೆ ಡಾಕ್ಟರರು ಮುಂಬಯಿಗೆ ಕಳುಹಿಸಿದರು. ಅಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಏಪ್ರಿಲ್‌ನಲ್ಲಿ ತಿರುಗಿ ಬಂದಾಗ ಕುತ್ತಿಗೆಯಲ್ಲಿ ಒಂದು ತೂತು, ಅದರ ಮೇಲೆ ಬಿಳಿ ಅರಿವೆ. ಉಸಿರಾಟ ಅಲ್ಲಿಂದಲೇ. ಮಾತಿಲ್ಲ, ಗುನುಗಲೂ ಬರುತ್ತಿರಲಿಲ್ಲ. ಮೂವತ್ತು ವರ್ಷ ಗಾಡಿ ಬಿಟ್ಟ ಗಾರ್ಡಿಗೆ ಸೀಟಿ ಊದಲೂ ಬರುತ್ತಿರಲಿಲ್ಲ. ಉಸಿರು ಬಾಯಿಯವರೆಗೆ ತಲುಪುತ್ತಲೇ ಇರಲಿಲ್ಲ. ಕೆಲಸಕ್ಕೆ ಯೋಗ್ಯರಲ್ಲವೆಂದು ಬರೆದರು. ಕ್ವಾರ್ಟರ್ಸು ಬಿಡಲು ಮುಂದಿನ ಜನವರಿಯ ಕೊನೆಯವರೆಗೆ ಅವಕಾಶ ಸಿಕ್ಕಿತು.

ಅವರು ಬಂದ ಮೊದಲ ಭಾನುವಾರ ನಾವು ಮೂವರೂ ಹೋದೆವು. ಹೋದಕೂಡಲೆ ವಾದ್ಯಗಳನ್ನು ಬಿಚ್ಚಿದೆವು. ಅವರ ಹಾಡನ್ನೇ ಹಾಡೋಣ ಎಂದು ದಾರಿಯಲ್ಲೇ ಮಾತಾಡಿಕೊಂಡಿದ್ದೆವು. ಮಾಸ್ತರರು ಆ ದಿನ ಹಾಡಿದಷ್ಟು ಚೆನ್ನಾಗಿ ಹಿಂದೆ ಹಾಡಿದ್ದನ್ನು ನಾನು ಕೇಳಿಲ್ಲ. ಎರಡನೆಯ ಸಾಲಿನಲ್ಲಿ ಕಾಕಾ ಅಂಗೈಯನ್ನು ಮೇಲೆತ್ತಿ ಹಿಡಿದರು. ಗಾಡಿ ನಿಲ್ಲಿಸಲು ಎತ್ತುವಂತೆ, ನೇರ, ಅಲುಗಾಡದೆ. ದುಃಖ ತಡೆಯಲಾಗಲಿಲ್ಲ ಎಂದುಕೊಂಡೆವು. ಹಾಡು ನಿಲ್ಲಿಸಿ ಅಭಂಗ ಹಾಡಿ ಎದ್ದುಬಂದೆವು.

ಮುಂದಿನ ಭಾನುವಾರ ಕಾಕೂ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿದರು. “ಒಂದು ವಾರ ಆತು, ಮಾರಿ ಗೋಡಿ ಕಡೆ ಮಾಡಿ ಮಲಗ್ಯಾರ. ನೀವು ಬಂದ್ರ ಕೊಡು ಅಂತ ಬರದಾರ,” ಎಂದು ಒಂದು ಪಾಟಿ ಕೊಟ್ಟರು. ಪಾಟಿಯ ಮೇಲೆ ಬಳಪದಲ್ಲಿ ದೊಡ್ಡ ಅಕ್ಷರ: ‘ಅದು ನಮ್ಮವ್ವನ ಹಾಡು ಅಲ್ಲ.’

ಮಾಸ್ತರರ ಮುಖ ಕೆಂಪಾಯಿತು. ಒಳಗೆ ಹೋಗಿ ಮಂಚದ ಪಕ್ಕದಲ್ಲಿ ನಿಂತು, “ಎರಡು ವರ್ಷ ಕೇಳಿದ್ರಿ. ತಲಿ ತೂಗಿದ್ರಿ. ಚಲೋ ಹಾಡ್ತೀರಿ ಅಂದ್ರಿ. ಈಗ ಅಲ್ಲ ಅಂತೀರಿ?” ಎಂದರು.

ಕಾಕಾ ಎದ್ದು ಕುಳಿತು, ಪಾಟಿ ಒರೆಸಿ, ಒಂದೇ ಮಾತು ಬರೆದರು: ‘ನಿಯಮ.’

ಮಾಸ್ತರರು ಪೇಟಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟುಹೋದರು. ನಾನೂ ಅಣ್ಣನೂ ಕುಳಿತೆವು. ಕಾಕಾ ಬರೆಯುತ್ತ ಹೋದರು, ಒರೆಸುತ್ತ ಹೋದರು. ಊರಿನಲ್ಲಿ ಆ ಹಾಡು ಕೇಳಿದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ಇಲ್ಲ. ತಾಯಿಗೆ ಅವರೊಬ್ಬರೇ ಮಗ. ಕಾಕೂ ಮದುವೆಯಾಗಿ ಬರುವ ಮೊದಲೇ ತಾಯಿ ತೀರಿಕೊಂಡಿದ್ದರು. ಕಾಕೂಗೆ ಹಾಡಿನ ಮಾತುಗಳಷ್ಟೇ ಗೊತ್ತು. “ನಾ ಏನು ಹಾಡಾಕಿ ಅಲ್ರಿ. ನಂಗ ಅವರು ಹಾಡಿದ್ದೂ ಅಷ್ಟs, ಮಾಸ್ತರ ಹಾಡಿದ್ದೂ ಅಷ್ಟs ಕೇಳಸ್ತಿತ್ತು,” ಎಂದರು. ಕೊನೆಗೆ ಕಾಕಾ ಬರೆದದ್ದು ಇದು: ‘ತಲ್ಯಾಗ ಐತಿ. ಹೊರಗ ಬರಾಕ ದಾರಿ ಇಲ್ಲ.’

ಕೋಣೆಗೆ ಬಂದು ದಿನಚರಿ ತೆಗೆದೆ. ಹಾಡು ಕೊಟ್ಟ ದಿನ ಇತ್ತು. ಎಲ್ಲೆಲ್ಲಿ ಹಾಡಿದೆವು ಎಂಬುದೆಲ್ಲ ಇತ್ತು. ಕಾಫಿ ಎಂದಿತ್ತು, ಎಂಟು ಮಾತ್ರೆ ಎಂದಿತ್ತು. ಅವರು ಹಾಡಿದ್ದು ಹೇಗಿತ್ತು ಎಂಬುದರ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಕಣ್ಣು ಮುಚ್ಚಿ ಆ ಫೆಬ್ರವರಿಯ ದನಿಯನ್ನು ನೆನೆಸಿಕೊಳ್ಳಲು ನೋಡಿದೆ. ಪ್ರತಿ ಸಲವೂ ಮಾಸ್ತರರ ದನಿಯೇ ಬಂತು.

ಎರಡು ಭಾನುವಾರ ಮಾಸ್ತರರು ಬರಲಿಲ್ಲ. ಮೂರನೆಯದಕ್ಕೆ ನಾವು ಹೋಗುವಷ್ಟರಲ್ಲಿ ಅವರು ಪಡಸಾಲೆಯಲ್ಲಿ ಪೇಟಿಯ ಮುಂದೆ ಕುಳಿತಿದ್ದರು. ಕಾಕಾ ಎದುರಿಗೆ.

“ಹೂಂ, ಜಲ್ದಿ ಕೂಡ್ರಿ,” ಎಂದರು ನಮಗೆ. “ನಿಯಮಾ ನಾ ಮಾಡಿದ್ದು, ನಾನs ಮುರೀತೀನಿ. ಇವತ್ತಿನಿಂದ ಇವರು ಬಾಯಿ ಹಾಕಬಹುದು.” ಹೇಳಿದ ಮೇಲೆ ತಾವು ಆಡಿದ ಮಾತು ತಮಗೇ ಕೇಳಿಸಿ ತಲೆ ತಗ್ಗಿಸಿದರು. ಕಾಕಾನ ಹೆಗಲು ಕುಲುಕಿತು. ಅವರು ನಗುತ್ತಿದ್ದರು.

ಬಾಯಿಯ ಬದಲು ಕಾಕೂ ಎರಡು ಝಂಡಿ ಹೊಲಿದುಕೊಟ್ಟರು. ಸರಕಾರದ ಹಸಿರು ಕೆಂಪು ಬಾವುಟಗಳನ್ನು ಕಾಕಾ ಆಫೀಸಿಗೆ ಒಪ್ಪಿಸಿದ್ದರು. ಇವು ಒಂದು ಹಳೆಯ ಕುಬಸದ ಹಸಿರು ಖಣ, ಒಂದು ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡು. “ನನ್ನ ಸೀರಿ ಹರದು ಗಾಡಿ ಬಿಡಾಕತ್ತಾರ ನೋಡ್ರಿ,” ಎಂದರು ಕಾಕೂ. ನಾವು ಒಂದೊಂದು ತುಣುಕು ನುಡಿಸಬೇಕು. ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಕಾಕಾ ಹುಷಾರಿದ್ದಾಗ ಒಂದು ಮಾತು ಮತ್ತೆ ಮತ್ತೆ ಹೇಳುತ್ತಿದ್ದರು: ಹೊತ್ತು ಎಷ್ಟಾದರೂ ಆಗಲಿ, ಸಿಗ್ನಲ್ಲಿನ ಕೈ ಕೆಳಗೆ ಬೀಳುವವರೆಗೆ ಗಾಡಿ ಬಿಡಬಾರದು. ಈಗ ಆ ಮಾತಿನಂತೆಯೇ ಕುಳಿತರು. ಮೊದಲ ದಿನವೆಲ್ಲ ಕೆಂಪು. ಮೇ ತಿಂಗಳ ಬಿಸಿಲು. ಕಾಕೂ ಕಿಟಕಿಯ ಲಾವಂಚದ ತಟ್ಟಿಗೆ ನೀರು ಎರಚುತ್ತಿದ್ದರು. ನಾವು ಬೆವರುತ್ತ ಒಂದೇ ಸಾಲನ್ನು ಬಗೆಬಗೆಯಾಗಿ ನುಡಿಸುತ್ತಿದ್ದೆವು. ಕಾಕಾ ತಾವೇ ಪೇಟಿಯ ಮೇಲೆ ಬೆರಳಿಟ್ಟು ನೋಡಿದರು. ಒಂದು ಮನೆ ಒತ್ತಿದರು, ಪಕ್ಕದ್ದು ಒತ್ತಿದರು, ಎರಡೂ ಅಲ್ಲವೆಂದು ಕೈ ತೆಗೆದರು.

ತಾಳ ಸಿಕ್ಕಿದ್ದು ಜೂನಿನಲ್ಲಿ. ಅಣ್ಣ ಎಂಟು, ಆರು, ಹತ್ತು ಎಲ್ಲ ನುಡಿಸಿ ಸೋತಿದ್ದ. ಕಾಕಾ ಎದ್ದು ಒಳಗೆ ಹೋಗಿ ಕಾಕೂನ ಕಡಗೋಲು, ಹಗ್ಗ, ಗಡಿಗೆ ತಂದು ಪಡಸಾಲೆಯ ಕಂಬಕ್ಕೆ ಕಟ್ಟಿದರು. ಗಡಿಗೆಗೆ ನೀರು ಹಾಕಿ ಕಡೆಯತೊಡಗಿದರು. ಬಲಗೈಯ ಎಳೆತ ಉದ್ದ. ಎಡಗೈಯ ಎಳೆತ ಗಿಡ್ಡ.

“ಕಾಕಾ, ಎಡಗೈಲೆ ಪೂರಾ ಎಳೀರಿ,” ಎಂದ ಅಣ್ಣ.

ಕಾಕಾ ಕೆಂಪು ತೋರಿಸಿದರು. ಮತ್ತೆ ಹಾಗೆಯೇ ಕಡೆದರು. ಆಮೇಲೆ ಪಾಟಿಯ ಮೇಲೆ ಬರೆದರು: ‘ಅವ್ವನ ಎಡಗೈ ಮುರದಿತ್ತು. ಸಣ್ಣಾಕಿದ್ದಾಗ.’

ಅಣ್ಣ ಪಾಟಿಯನ್ನು ಓದಿ ಗಡಿಗೆಯ ಸದ್ದಿಗೆ ಕಿವಿಗೊಟ್ಟ. ಬೆರಳುಗಳು ತಾರ್ ಆಫೀಸಿನಲ್ಲಿ ಬಡಿಯುವಂತೆ ತೊಡೆಯ ಮೇಲೆ ಬಡಿದುಕೊಂಡವು. ನಾಲ್ಕು, ಮೂರು. ನಾಲ್ಕು, ಮೂರು. ತಬಲಾ ಎಳೆದುಕೊಂಡು ನುಡಿಸಿದ. ಹಸಿರು ಝಂಡಿ ಮೇಲೆ ಹೋಯಿತು, ಬಹಳ ಹೊತ್ತು ಕೆಳಗಿಳಿಯಲಿಲ್ಲ. ನಾವು ಎಂಟಕ್ಕೆ ಎಳೆದು ಸರಿಮಾಡಿದ್ದು ಅವರ ತಾಯಿಯ ಮುರಿದ ಕೈಯನ್ನು ಎಂದು ಆಗ ತಿಳಿಯಿತು. ಅಣ್ಣ ತಬಲಾದ ಮೇಲೆ ಅಂಗೈ ಊರಿ ತಲೆ ಎತ್ತದೆ ಕುಳಿತಿದ್ದ.

ಸ್ವರ ಸಿಗಲು ಇನ್ನೂ ಒಂದು ತಿಂಗಳು ಹಿಡಿಯಿತು. ಮಳೆ ಸುರಿಯುತ್ತಿದ್ದ ಒಂದು ಭಾನುವಾರ ನಾನು ಮೊದಲ ಸಾಲಿನ ಕೊನೆಯನ್ನು ಹದಿನೈದು ಇಪ್ಪತ್ತು ಬಗೆಯಲ್ಲಿ ನುಡಿಸಿದೆ. ಪ್ರತಿಯೊಂದಕ್ಕೂ ಕೆಂಪು. ಕಾಕಾ ಝಂಡಿಗಳನ್ನು ಕೆಳಗಿಟ್ಟು ನನ್ನ ಎಡಕ್ಕೆ ಬಂದು ಕುಳಿತರು. ಕಮಾನು ಎಳೆಯುತ್ತಲೇ ಇರು ಎಂದು ಸನ್ನೆ ಮಾಡಿದರು. ಆಮೇಲೆ ತಂತಿಯ ಮೇಲಿದ್ದ ನನ್ನ ಬೆರಳನ್ನು ತಮ್ಮ ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಕೆಳಕ್ಕೆ ಜಾರಿಸಿದರು. ಅವರಿಗೆ ಪಿಟೀಲು ಗೊತ್ತಿಲ್ಲ. ಎಲ್ಲಿ ಯಾವ ಸ್ವರವಿದೆ ಎಂಬುದು ಗೊತ್ತಿಲ್ಲ. ಕಿವಿಯನ್ನು ವಾದ್ಯಕ್ಕೆ ತಾಗಿಸುವಷ್ಟು ಹತ್ತಿರ ತಂದು, ಜಾರಿಸಿ, ಮೇಲಕ್ಕೆ ತಂದು, ಮತ್ತೆ ಜಾರಿಸಿದರು. ಕುತ್ತಿಗೆಯ ಅರಿವೆಯ ಹಿಂದೆ ಉಸಿರು ಸುಂಯ್ ಎನ್ನುತ್ತಿತ್ತು. ಒಂದು ಕಡೆ ಬೆರಳು ನಿಂತಿತು. ಮಾಸ್ತರರ ಪೇಟಿಯ ಎರಡು ಮನೆಗಳ ನಡುವಿನ ಜಾಗ ಅದು. ನಮ್ಮ ಕಡೆ ಒಂದು ಸ್ವರವನ್ನು ಹಿಡಿದು ತೂಗುವಾಗ ದಾಟಿಹೋಗುವ ಸ್ಥಳ. ಅಲ್ಲಿ ನಿಲ್ಲುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಕಾಕಾ ನನ್ನ ಬೆರಳನ್ನು ಅಲ್ಲೇ ಒತ್ತಿ ಹಿಡಿದರು.

ಮಾಸ್ತರರು ಪೇಟಿಯ ತಿದಿಯನ್ನು ಮುಚ್ಚಿ ಕೊಂಡಿ ಹಾಕಿದರು. “ಇದರಾಗ ನಂಗ ಕೆಲಸಿಲ್ಲ,” ಎಂದರು. ಆದರೆ ಎದ್ದುಹೋಗಲಿಲ್ಲ. ನಾನು ನುಡಿಸಿದ್ದನ್ನು ಬಾಯಲ್ಲಿ ಹಾಡಿ ಗಟ್ಟಿ ಮಾಡಿಕೊಳ್ಳುವ ಕೆಲಸವನ್ನು ಅಂದಿನಿಂದ ಅವರೇ ಮಾಡಿದರು. ಐವತ್ತು ದಾಟಿದ ದನಿಯಲ್ಲಿ, ತಾನುಗಳಿಲ್ಲದೆ, ಶಾಲೆಯ ಹುಡುಗನಂತೆ.

ಮಳೆಗಾಲ ಕಳೆಯಿತು. ಸೆಪ್ಟೆಂಬರ್ ಕೊನೆಗೆ ನಾಲ್ಕು ಸಾಲು, ದಸರೆಗೆ ಐದು, ದೀಪಾವಳಿಗೆ ಏಳು. ಆ ನವೆಂಬರ್‌ನಲ್ಲಿ ರಾಜ್ಯಗಳು ಬದಲಾದವು. ನಾಗಪುರ ರಾಜಧಾನಿಯಾಗಿ ಉಳಿಯಲಿಲ್ಲ. ಕಚೇರಿಗಳ ಕಡತಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಭೋಪಾಲಕ್ಕೆ ಸಾಗಿಸುತ್ತಿದ್ದರು. ನಮ್ಮ ನಾಲ್ವರ ಊರುಗಳೂ ಒಂದೇ ಮೈಸೂರು ರಾಜ್ಯಕ್ಕೆ ಬಂದವು. ಅಣ್ಣ ಸೀತಾಬರ್ಡಿಯಿಂದ ಪೇಢೆ ತಂದ. “ಇನ್ನ ನಿನಗೊಬ್ಬಗs ಮೈಸೂರು ಅನ್ನಾಕ ಬರೂದಿಲ್ಲಪಾ,” ಎಂದರು ಮಾಸ್ತರರು. “ನಾವೂ ಮೈಸೂರ ಆದ್ವಿ. ಈಗ ನಿನಗೇನು ಅನ್ನೂದು?” ಕಾಕಾ ಪಾಟಿಯ ಮೇಲೆ ‘ತುಮಕೂರು’ ಎಂದು ಬರೆದು ತೋರಿಸಿದರು. ಅವರು ಅದನ್ನು ಮರೆತಿರಲಿಲ್ಲ. ಪೇಢೆಯನ್ನು ನುಂಗಲು ಅವರಿಗೆ ಆ ದಿನ ಕಷ್ಟವಾಯಿತು. ಕುತ್ತಿಗೆಯ ಒಂದು ಬದಿ ಮತ್ತೆ ಊದಿತ್ತು.

ಎಂಟನೆಯ ಸಾಲು ಉಳಿದ ಏಳರಂತೆ ಇರಲಿಲ್ಲ. ಅಲ್ಲಿ ಹಾಡು ತಾನು ಬಂದ ದಾರಿ ಬಿಟ್ಟು ಬೇರೆ ಕಡೆ ಹೊರಳುತ್ತಿತ್ತು. ಅಷ್ಟು ಮಾತ್ರ ನನಗೂ ನೆನಪಿತ್ತು. ಎರಡು ಬಗೆ ಕಟ್ಟಿದೆವು. ಡಿಸೆಂಬರ್‌ನ ಎರಡು ಭಾನುವಾರ ಎರಡನ್ನೂ ಮತ್ತೆ ಮತ್ತೆ ನುಡಿಸಿ ತೋರಿಸಿದೆವು. ಕಾಕಾ ಕೆಂಪು ಎತ್ತಲಿಲ್ಲ, ಹಸಿರೂ ಎತ್ತಲಿಲ್ಲ. ಕಣ್ಣು ಮುಚ್ಚಿ ಕೇಳಿ, ತಲೆಯನ್ನು ಒಂದಿಷ್ಟು ಅಲುಗಿಸಿ, ಇನ್ನೊಮ್ಮೆ ಎಂದು ಬೆರಳು ತಿರುಗಿಸಿದರು. ನನ್ನ ಬೆರಳು ಹಿಡಿಯಲು ಎದ್ದು ಕೂರುವ ಶಕ್ತಿ ಆಗ ಅವರಲ್ಲಿ ಇರಲಿಲ್ಲ. ನಾನೇ ಪಿಟೀಲನ್ನು ಮಂಚದ ಬಳಿಗೆ ಒಯ್ದು ಅವರ ಕೈಗೆ ನನ್ನ ಕೈ ಕೊಟ್ಟೆ. ಬೆರಳು ಹಿಡಿದರು. ಜಾರಿಸಲಿಲ್ಲ. ಸುಮ್ಮನೆ ಹಿಡಿದುಕೊಂಡಿದ್ದರು.

ಕ್ರಿಸ್‌ಮಸ್ ರಜೆಯಲ್ಲಿ ಅವರು ಹೋದರು. ಮುಂಜಾನೆ. ಮಾಸ್ತರರೂ ಅಣ್ಣನೂ ಹೆಗಲು ಕೊಟ್ಟರು, ನಾನೂ ಕೊಟ್ಟೆ. ದಿನಚರಿಯಲ್ಲಿ ಆ ದಿನ ತಾರೀಖು ಮಾತ್ರ ಇದೆ.

ಕಾಕೂನ ತಮ್ಮ ಬಾಗಲಕೋಟೆಯಿಂದ ಬಂದು ದಿನಗಳನ್ನು ಮಾಡಿಸಿದರು. ಜನವರಿಯ ಕೊನೆಯ ಭಾನುವಾರ ಕ್ವಾರ್ಟರ್ಸು ಬಿಡುವ ಮುನ್ನ ಕಾಕೂ ನಮ್ಮನ್ನು ಕರೆಸಿದರು. ಪಡಸಾಲೆಯಲ್ಲಿ ಸಾಮಾನು ಕಟ್ಟಿಟ್ಟಿತ್ತು. ಕಡಗೋಲು ಒಂದು ಚಾಪೆಯ ಸುರುಳಿಯಿಂದ ಹೊರಗೆ ಚಾಚಿಕೊಂಡಿತ್ತು. ಕಾಕೂ ಬಾಗಿಲ ಹೊಸ್ತಿಲ ಮೇಲೆ ಕುಳಿತರು. ಇಷ್ಟು ವರ್ಷದಲ್ಲಿ ಅವರು ನಮ್ಮ ಎದುರು ಹಾಡು ಕೇಳಲು ಕುಳಿತದ್ದು ಅದೇ ಮೊದಲು.

“ಒಮ್ಮೆ ಹಾಡ್ರಿ. ನಮ್ಮತ್ತಿ ಹಾಡು,” ಎಂದರು.

ಪೇಟಿಯನ್ನು ಮಾಸ್ತರರು ತಂದಿರಲಿಲ್ಲ. ಅಣ್ಣ ನಾಲ್ಕು ಮೂರು ಹಿಡಿದ. ಮಾಸ್ತರರು ಹಾಡಿದರು, ನಾನು ಹಿಂದೆ ನುಡಿಸಿದೆ. ಒಂದೊಂದು ಸಾಲಿನ ಕೊನೆಗೂ ಬೆರಳು ಜಾರಿ ನಿಲ್ಲಬೇಕಾದಲ್ಲಿ ನಿಂತಿತು. ಏಳು ಸಾಲು ಮುಗಿಯಿತು. ಎಂಟನೆಯದು ಬಂದಾಗ ನಾನು ಕಮಾನು ಎತ್ತಿದೆ. ಏನು ಮಾಡಬೇಕೆಂದು ನಾವು ಮೊದಲೇ ಮಾತಾಡಿಕೊಂಡಿರಲಿಲ್ಲ. ತಬಲಾ ಒಂದೇ ನಡೆಯಿತು. ಉದ್ದ ಎಳೆತ, ಗಿಡ್ಡ ಎಳೆತ. ಆ ಖಾಲಿ ಜಾಗ ನಾಟಕ ಕಂಪನಿಯಲ್ಲಿ ಬೆಳೆದ ಮಾಸ್ತರರಿಗೆ ತಡೆಯಲಾಗಲಿಲ್ಲ. ನಾವು ಕಟ್ಟಿದ್ದ ಎರಡು ಬಗೆಗಳಲ್ಲಿ ಚಂದವಾದದ್ದನ್ನು ಎತ್ತಿಕೊಂಡರು.

ಹೊಸ್ತಿಲಿನಿಂದ ಕಾಕೂ ಅಂಗೈ ಮೇಲೆತ್ತಿದರು. ನೇರ, ಅಲುಗಾಡದೆ. ಮಾಸ್ತರರ ದನಿ ಅರ್ಧದಲ್ಲಿ ನಿಂತಿತು.

“ಬ್ಯಾಡ್ರಿ ಮಾಸ್ತರ,” ಎಂದರು ಕಾಕೂ. “ಅಲ್ಲಿಗs ನಿಲ್ಲಸ್ರಿ. ಅದಕ್ಕ ಸಿಗ್ನಲ್ ಬಿದ್ದಿಲ್ಲ.”

ಆಮೇಲೆ ಅವರು ಎಂಟನೆಯ ಸಾಲಿನ ಮಾತುಗಳನ್ನು ರಾಗವಿಲ್ಲದೆ, ಪಕ್ಕದ ಮನೆಯವರಿಗೆ ಏನೋ ಹೇಳುವ ಹಾಗೆ, ಹೇಳಿ ಮುಗಿಸಿದರು. ಅಣ್ಣ ಅದು ಮುಗಿಯುವವರೆಗೆ ನುಡಿಸಿ ಕೈ ತೆಗೆದ.

ಈಗ ನಾವು ಮಾಸ್ತರರ ಮನೆಯಲ್ಲಿ ಸೇರುತ್ತೇವೆ. ಕೊಡುವ ಪದ್ಧತಿ ಇದೆ. ಬಾಯಿ ಹಾಕಬಾರದೆಂಬುದು ಇಲ್ಲ. ಜಗಳಗಳು ಮತ್ತೆ ಶುರುವಾಗಿವೆ, ಕಳೆದ ತಿಂಗಳು ಅಣ್ಣ ಒಂದು ಭಾನುವಾರ ಬರಲಿಲ್ಲ. ಆ ಹಾಡು ಹಾಡಿದಾಗ ಏಳು ಸಾಲು ಹಾಡಿ, ಎಂಟನೆಯದನ್ನು ಕಾಕೂ ಹೇಳಿದಂತೆ ಬರಿ ಮಾತಿನಲ್ಲಿ ಹೇಳುತ್ತೇವೆ. ನಮ್ಮಲ್ಲಿ ಯಾರ ಸರದಿಯೋ ಅವರು ಹೇಳುತ್ತಾರೆ. ಹೋದ ವಾರ ನನ್ನದಿತ್ತು.